ಆರ್‌ವಿ ಸದಸ್ಯತ್ವ: ಸಹಿಗೆ ಮುಂಚೆ ಕ್ಯಾಲೆಂಡರ್ ನೋಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಆರ್‌ವಿ (ಮಲಗಿ, ಅಡುಗೆ ಮಾಡಿಕೊಂಡು ಸುತ್ತುವ ಮನೆಗಾಡಿ) ಪ್ರವಾಸದ ಲೇಖನಗಳಲ್ಲಿ ಗಾಡಿಯ ಸೊಗಸು, ಬೆಟ್ಟ-ಕಣಿವೆಗಳ ಚಿತ್ರ ಧಾರಾಳವಾಗಿರುತ್ತವೆ. ರಾತ್ರಿ ಗಾಡಿ ನಿಲ್ಲಿಸುವ ಜಾಗದ ಬಾಡಿಗೆಯ ಮಾತು ಮಾತ್ರ ಬರುವುದಿಲ್ಲ. ಗಾಡಿ ಕೊಂಡ ಕೂಡಲೇ ‘ಮೆಂಬರ್‌ಶಿಪ್ ತಗೊಳ್ಳಿ, ಜಾಗ ಪುಕ್ಕಟೆ’ ಎನ್ನುವವರು ಎದುರಾಗುತ್ತಾರೆ. ಅಲ್ಲಿ ನೆಲೆಸಿರುವ ಕನ್ನಡಿಗರಿಗೆ ನೆರವಾದೀತೆಂದು ಈ ಪತ್ರ.

ಮೆಂಬರ್‌ಶಿಪ್ ಎಂಬ ಒಂದೇ ಹೆಸರಿನಲ್ಲಿ ಬೇರೆ ಬೇರೆ ಸರಕು ಮಾರಾಟವಾಗುತ್ತದೆ. ಮೊದಲನೆಯದು ಬರೀ ರಿಯಾಯಿತಿ ಕಾರ್ಡ್. ಕೆಒಎ ಎಂಬ ಕ್ಯಾಂಪ್‌ಗ್ರೌಂಡ್ ಸರಪಳಿಯ ಕಾರ್ಡ್ ತನ್ನ ಪಾರ್ಕುಗಳಲ್ಲಿ ಬಾಡಿಗೆಯ ಶೇ 10ರಷ್ಟು ಬಿಡುತ್ತದೆ; ಗುಡ್ ಸ್ಯಾಮ್ ಎಂಬ ಆರ್‌ವಿ ಕ್ಲಬ್ಬಿನದೂ ಇಂಥದೇ ಕಾರ್ಡ್. ಕಾರ್ಡಿಗೆ ವರ್ಷಕ್ಕೆ 40 ಡಾಲರ್ ಎಂದುಕೊಂಡರೆ, 400 ಡಾಲರ್ ಬಾಡಿಗೆ ಕಟ್ಟುವ ಹೊತ್ತಿಗೆ, ಅಂದರೆ ಏಳೆಂಟು ರಾತ್ರಿಗೆ, ಅಸಲು ವಾಪಸ್. ಪಾಸ್‌ಪೋರ್ಟ್ ಅಮೆರಿಕ ಎಂಬ ಕಾರ್ಡ್ ಅರ್ಧ ಬಾಡಿಗೆ ಬಿಡುವುದರಿಂದ ಎರಡು-ಮೂರು ರಾತ್ರಿಯಲ್ಲೇ ಕಾರ್ಡಿನ ದುಡ್ಡು ಹುಟ್ಟುತ್ತದೆ. ಆದರೆ ಎಷ್ಟೋ ಪಾರ್ಕುಗಳಲ್ಲಿ ಈ ರಿಯಾಯಿತಿ ವಾರಾಂತ್ಯಕ್ಕಿಲ್ಲ, ಹಬ್ಬದ ದಿನಕ್ಕಿಲ್ಲ, ಸೀಸನ್‌ಗಿಲ್ಲ, ಕೆಲವೆಡೆ ಒಂದೆರಡು ರಾತ್ರಿಗೆ ಮಾತ್ರ. ಹಾರ್ವೆಸ್ಟ್ ಹೋಸ್ಟ್ಸ್‌ನಲ್ಲಿ ತೋಟ, ವೈನರಿಗಳ ಅಂಗಳದಲ್ಲಿ ಒಂದು ರಾತ್ರಿ ನಿಲ್ಲಬಹುದು. ಅಲ್ಲಿ ಹುಕಪ್ (ನೀರು, ವಿದ್ಯುತ್, ಚರಂಡಿ ಸಂಪರ್ಕ) ಸಿಗುತ್ತದೆಂದು ನಂಬುವಂತಿಲ್ಲ, ಆತಿಥೇಯರಿಂದ ಏನಾದರೂ ಕೊಳ್ಳಬೇಕೆಂಬುದು ರೂಢಿ. ಈ ಬಗೆಯ ಕಾರ್ಡುಗಳಿಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ತಪ್ಪಿದರೂ ನಷ್ಟ ಸಣ್ಣದು.

ತಲೆ ಓಡಿಸಬೇಕಾದದ್ದು, ವರ್ಷಕ್ಕೊಮ್ಮೆ ದುಡ್ಡು ಕಟ್ಟಿ ಕಂಪನಿಯ ಪಾರ್ಕುಗಳಲ್ಲಿ ರಾತ್ರಿ ಬಾಡಿಗೆಯಿಲ್ಲದೆ ಉಳಿಯುವ ಥೌಸಂಡ್ ಟ್ರೇಲ್ಸ್‌ನಂಥ ವಾರ್ಷಿಕ ಪಾಸುಗಳ ವಿಷಯದಲ್ಲಿ. ಇದು ಒಂದು ವಲಯಕ್ಕೆ ಸೀಮಿತ, ಬೆಲೆ ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಲೆಕ್ಕಕ್ಕೆ 700 ಡಾಲರ್ ಎಂದಿಟ್ಟುಕೊಳ್ಳಿ. ಮಾರುವವರು ‘ಈ ರೆಸಾರ್ಟಿಗೆ ದಿನಕ್ಕೆ 70 ಡಾಲರ್, ಹತ್ತೇ ರಾತ್ರಿಗೆ ಗಿಟ್ಟಿತು’ ಎನ್ನುತ್ತಾರೆ. ತಪ್ಪಿರುವುದು ಇಲ್ಲೇ. ಪಾಸ್ ಇಲ್ಲದಿದ್ದರೆ ನೀವು ನಿಜಕ್ಕೂ ಎಲ್ಲಿ ಉಳಿಯುತ್ತಿದ್ದಿರಿ? 30 ಡಾಲರಿನ ಸ್ಟೇಟ್ ಪಾರ್ಕಿನಲ್ಲಾದರೆ ಅಸಲು ಹುಟ್ಟಲು 24 ರಾತ್ರಿ ಬೇಕು.

ಆ 24 ರಾತ್ರಿ ಯಾವ ದಿನಗಳು ಎಂಬುದೇ ನಿರ್ಣಾಯಕ. ಕಳೆದ ವರ್ಷದ ಕ್ಯಾಲೆಂಡರ್‌ನಲ್ಲಿ ಗಾಡಿಯಲ್ಲಿ ಮಲಗಿದ ರಾತ್ರಿಗಳನ್ನೆಲ್ಲ ಗುರುತಿಸಿ. ಶುಕ್ರವಾರ, ಶನಿವಾರದವನ್ನೂ ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ರಜೆಗಳ ಆಸುಪಾಸಿನವನ್ನೂ ಹೊಡೆದುಹಾಕಿ. ಇಂಥ ಪಾಸುಗಳಲ್ಲಿ ಮೂಲ ದರ್ಜೆಯವರಿಗೆ ಬುಕಿಂಗ್ ತೆರೆಯುವುದು ಸುಮಾರು 60 ದಿನ ಮುಂಚೆ. ಮೇಲ್ದರ್ಜೆಗೆ ದುಡ್ಡು ಸುರಿದವರಿಗೆ ಅದಕ್ಕೂ ತಿಂಗಳುಗಳ ಮೊದಲೇ. ಹಾಗಾಗಿ ರಜೆಯ ವಾರಾಂತ್ಯಗಳು ನಿಮ್ಮ ಸರದಿ ಬರುವಷ್ಟರಲ್ಲಿ ಭರ್ತಿಯಾಗಿರುತ್ತವೆ. ನೌಕರಿಯಲ್ಲಿರುವವರ ಪಟ್ಟಿಯಲ್ಲಿ ಹೊಡೆದುಹಾಕಿ ಉಳಿಯುವುದು ನಾಲ್ಕಾರು ರಾತ್ರಿ. ಅವರಿಗೆ ಈ ಪಾಸ್ ದಂಡ. ಚಳಿಗಾಲಕ್ಕೆ ಫ್ಲಾರಿಡಾ ಕಡೆ ಇಳಿದು ಮೂರು ತಿಂಗಳು ಒಂದೇ ವಲಯದಲ್ಲಿರುವ, ಬುಕಿಂಗ್ ತೆರೆದ ದಿನವೇ ಕೂತು ಜಾಗ ಹಿಡಿಯುವ ನಿವೃತ್ತರಿಗೆ ಬೇಷಕ್ ಲಾಭ.

ವರ್ಷವಿಡೀ ಗಾಡಿಯಲ್ಲೇ ಇರುವವರು ಒಂದು ನಿಯಮವನ್ನು ಎರಡೆರಡು ಸಲ ಓದಬೇಕು: 14 ರಾತ್ರಿ ಪಾಸಿನ ಪಾರ್ಕಿನಲ್ಲಿದ್ದರೆ 7 ರಾತ್ರಿ ಹೊರಗೆ. 21 ದಿನದ ಈ ಸುತ್ತು ವರ್ಷಕ್ಕೆ 17 ಬಾರಿ ಬರುತ್ತದೆ, ಅಂದರೆ ಸುಮಾರು 120 ರಾತ್ರಿ ಹೊರಗೆ. ರಾತ್ರಿಗೆ 45 ಡಾಲರಿನಂತೆ 5,400 ಡಾಲರ್! ‘ಪುಕ್ಕಟೆ’ ಜಾಗದ ಬೆಲೆ ಇದು. ನಾಲ್ಕು ರಾತ್ರಿ ಮೀರದೆ ಪಾರ್ಕು ಬದಲಿಸುತ್ತ ಹೋದರೆ ಈ ವಿರಾಮದಿಂದ ತಪ್ಪಿಸಿಕೊಳ್ಳಬಹುದು, ಆದರೆ ಆ ದುಡ್ಡು ಇಂಧನಕ್ಕೆ ಹೋಗುತ್ತದೆ. ದೊಡ್ಡ ಮೋಟರ್‌ಹೋಮ್ ಗ್ಯಾಲನ್‌ಗೆ ಎಂಟು-ಹತ್ತು ಮೈಲಿ ಓಡಿದರೆ ಹೆಚ್ಚು. ದಾರಿಯಿಂದ 60 ಮೈಲಿ ದೂರವಿರುವ ಪಾರ್ಕಿಗೆ ಹೋಗಿ ಬರಲು 12ರಿಂದ 15 ಗ್ಯಾಲನ್. ಒಂದೇ ರಾತ್ರಿಗಾದರೆ ಉಳಿತಾಯ ಟ್ಯಾಂಕಿನಲ್ಲೇ ಕರಗಿತು.

ಜಾಗ ಸಿಕ್ಕಿತೆಂದ ಮಾತ್ರಕ್ಕೆ ಗಾಡಿ ಹಿಡಿಸಬೇಕೆಂದಿಲ್ಲ. ಹಳೆಯ ಪಾರ್ಕುಗಳಲ್ಲಿ ಅನೇಕ ಸೈಟುಗಳು ಚಿಕ್ಕ ಗಾಡಿಗಳ ಕಾಲದವು. ಸ್ಲೈಡ್‌ಔಟ್ (ಗಾಡಿಯಿಂದ ಹೊರಕ್ಕೆ ಚಾಚುವ ಭಾಗ) ತೆರೆದರೆ ಮರಕ್ಕೆ ತಾಗುತ್ತದೆ. ಸೈಟಿನ ವಿದ್ಯುತ್ ಕಂಬದಲ್ಲಿ 30 ಆ್ಯಂಪ್ ಮಾತ್ರ ಇದ್ದರೆ ಸಿಗುವುದು 3,600 ವಾಟ್. 50 ಆ್ಯಂಪಿನಲ್ಲಿ ತಲಾ 120 ವೋಲ್ಟಿನ ಎರಡು ಲೈನ್ ಇರುವುದರಿಂದ 12,000 ವಾಟ್. 30ರಲ್ಲಿ ಎರಡು ಎಸಿ ಒಟ್ಟಿಗೆ ಓಡಿಸಿದರೆ ಬ್ರೇಕರ್ ಬೀಳುತ್ತದೆ. ಬೇಸಿಗೆ ಮಧ್ಯಾಹ್ನ ಎಲ್ಲರ ಎಸಿಯೂ ಓಡುವಾಗ ವೋಲ್ಟೇಜ್ 104ಕ್ಕಿಂತ ಇಳಿದರೆ ಕಂಪ್ರೆಸರ್ ಸುಡುವ ಅಪಾಯವಿದೆ. ಪ್ಲಗ್ ಹಾಕುವ ಮೊದಲು ಮೀಟರ್ ಇಟ್ಟು ನೋಡಿ, ವೋಲ್ಟೇಜ್ ಇಳಿದಾಗ ತಾನೇ ಕಡಿತಗೊಳಿಸುವ ಪ್ರೊಟೆಕ್ಟರ್ ಇಟ್ಟುಕೊಳ್ಳಿ. ಪಾಸ್ ಕೊಳ್ಳುವ ಮುನ್ನ ಅದೇ ಪಾರ್ಕಿನಲ್ಲಿ ದುಡ್ಡು ಕೊಟ್ಟು ಎರಡು ರಾತ್ರಿ ಇದ್ದು ನೋಡುವುದು ಇನ್ನೂ ಜಾಣತನ.

‘ಜೀವಮಾನದ ಸದಸ್ಯತ್ವ’ ಬೇರೆಯೇ ಕಥೆ. ಉಡುಗೊರೆಯ ಆಸೆ ತೋರಿಸಿ ಪಾರ್ಕು ಸುತ್ತಿಸಿ, ‘ಇವತ್ತೇ ಸಹಿ ಹಾಕಿದರೆ ಈ ಬೆಲೆ’ ಎನ್ನುತ್ತಾರೆ. ಸಾವಿರಾರು ಡಾಲರ್ ಕೊಟ್ಟ ಮೇಲೂ ವಾರ್ಷಿಕ ಶುಲ್ಕ ತಪ್ಪದು, ಅದು ಏರುತ್ತಲೂ ಹೋಗುತ್ತದೆ. ಮರುಮಾರಾಟದಲ್ಲಿ ಅಸಲಿನ ಚಿಕ್ಕ ಪಾಲೂ ಹುಟ್ಟುವುದು ಕಷ್ಟ. ಸಹಿ ಹಾಕಿಬಿಟ್ಟಿದ್ದರೆ ಒಪ್ಪಂದದಲ್ಲಿ ರದ್ದತಿಯ ಅವಧಿ ಹುಡುಕಿ. ಅದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಸಾಮಾನ್ಯವಾಗಿ ಕೆಲವೇ ದಿನ. ಫೋನಿನಲ್ಲಿ ಹೇಳಿ ಸುಮ್ಮನಾಗದೆ ಲಿಖಿತ ನೋಟಿಸನ್ನು ರಶೀದಿ ಬರುವ ಅಂಚೆಯಲ್ಲಿ ಕಳಿಸಿ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ವರ್ಗಾವಣೆ ಶುಲ್ಕವನ್ನೂ, ವರ್ಗಾವಣೆಯಾದಾಗ ಯಾವ ಸೌಲಭ್ಯ ಬಿದ್ದುಹೋಗುತ್ತದೆಂಬುದನ್ನೂ ಕಂಪನಿಯಿಂದಲೇ ಬರೆಸಿಕೊಳ್ಳಬೇಕು.

62 ತುಂಬಿದ ಅಮೆರಿಕನ್ ಪ್ರಜೆಗಳಿಗೂ ಅದೇ ವಯಸ್ಸಿನ ಗ್ರೀನ್ ಕಾರ್ಡ್ ಪಡೆದ ತಂದೆ-ತಾಯಿಯರಿಗೂ ರಾಷ್ಟ್ರೀಯ ಉದ್ಯಾನಗಳ ಸೀನಿಯರ್ ಪಾಸ್ 80 ಡಾಲರಿಗೆ ಜೀವನಪರ್ಯಂತ ಸಿಗುತ್ತದೆ. ಫೆಡರಲ್ ಕ್ಯಾಂಪ್‌ಗ್ರೌಂಡ್‌ಗಳು ಅನೇಕ ಕಡೆ ಇದಕ್ಕೆ ಅರ್ಧ ಬಾಡಿಗೆ ಬಿಡುತ್ತವೆ. ವಿಸಿಟರ್ ವೀಸಾದವರಿಗೆ ಇದಿಲ್ಲ, ಪಾಸ್ ಹೊಂದಿದವರು ಜತೆಗಿರಲೇಬೇಕು. ಪಶ್ಚಿಮದ ರಾಜ್ಯಗಳಲ್ಲಿ ಬಿಎಲ್‌ಎಂ (ಫೆಡರಲ್ ಸರ್ಕಾರದ ಭೂ ನಿರ್ವಹಣಾ ಸಂಸ್ಥೆ) ಭೂಮಿಯ ಬಹುಪಾಲು ಕಡೆ 14 ದಿನ ಬಾಡಿಗೆಯಿಲ್ಲದೆ ನಿಲ್ಲಬಹುದು. ನೀರು, ಬ್ಯಾಟರಿ, ಸೋಲಾರ್ ನಿಮ್ಮದೇ.

ಕೊನೆಯದಾಗಿ, ಪಾಸಿನ ವರ್ಷ ಎಂದಿನಿಂದ ಶುರುವಾಗುತ್ತದೆಂದು ಕೇಳಿ. ಕೊಂಡ ದಿನದಿಂದಲೇ ಎಂದಾದರೆ ಗಾಡಿ ಶೆಡ್ಡಿನಲ್ಲಿರುವಾಗ ಕೊಳ್ಳದೆ, ಬುಕಿಂಗ್ ತೆರೆಯುವ ಹೊತ್ತಿಗೆ ಕೊಳ್ಳಿ. ಆಟೋ-ರಿನ್ಯೂವಲ್ ಇದ್ದರೆ ಅಂದೇ ತೆಗೆಸಿಬಿಡಿ.

– ಆರ್‌ವಿ ಬಳಕೆದಾರ ಓದುಗರು