ಪಾರ್ಟಿ ನಮ್ ಹುಡುಗನ್ನೇ ಎಳ್ಕೊಂಡ್ರೆ ಏನ್ ಮಾಡೋದು

ಎಲ್ರಿಗೂ ನಮಸ್ಕಾರ. ಪಾರ್ಟಿ, ಅಂದ್ರೆ ಕೆಲ್ಸ ಮಾಡ್ಸೋ ಮನೆಯವ್ರು, ನಮ್ಮನ್ನ ಬಿಟ್ಟು ನಮ್ ಕೆಲ್ಸದ ಹುಡುಗನ ಹತ್ರ ನೇರ ಮಾಡ್ಸಿದ್ರೆ ಏನ್ ಮಾಡೋದು ಅಂತ ನಿನ್ನೆಯಿಂದ ಗ್ರೂಪಲ್ಲಿ ಇದೇ ಮಾತು, ಅದಕ್ಕೇ ಬರೀತಾ ಇದ್ದೇನೆ. ನಂಗೂ ಆಗಿತ್ತು ಇದು, ಶಿರಸಿ ಹತ್ರ ಒಂದ್ ಮನೆ ಕೆಲ್ಸ, ನಾನು ಸಾಮಾನು ತರೋಕೆ ಕುಮಟೆಗೆ ಹೋದಾಗ ಯಜಮಾನ್ರು ನಮ್ ಟೈಲ್ಸ್ ಹಾಕೋ ಹುಡುಗನಿಗೆ ಚಾ ಕೊಟ್ಟು "ಮೇಲಿನ ಮಾಳಿಗೆ ನೀನೇ ಮಾಡು, ಅವ್ರಿಗೆ ಹೇಳೂದ್ ಬೇಡ, ಫೂಟಿಗೆ ಐದ್ ರೂಪಾಯಿ ಜಾಸ್ತಿ ಕೊಡ್ತೆ" ಅಂದಿದ್ರು. ಹುಡುಗನೇ ಫೋನ್ ಮಾಡಿ ಹೇಳ್ದ, ಪುಣ್ಯ.

ಸಿಟ್ಟಲ್ಲಿ ಕೂಗಾಡ್ಬೇಡಿ, ಇಲ್ಲಿ ಪಾರ್ಟಿ ಹೆಸ್ರೂ ಹಾಕ್ಬೇಡಿ. ಮೊದ್ಲು ಹುಡುಗನ ಹತ್ರ ಮಾತಾಡಿ, ನಾವೇ ಎರಡು ತಿಂಗ್ಳು ಬಾಕಿ ಇಟ್ಟಿದ್ರೆ ಅವ್ನು ಹೋಗೋದ್ರಲ್ಲಿ ತಪ್ಪೇನಿದೆ ಮಾರಾಯ್ರೆ. ಆಮೇಲೆ ಪಾರ್ಟಿಗೆ ವಾಟ್ಸಾಪಲ್ಲೇ ಬರ್ದು ಹಾಕಿ, ನೀವು ನೇರ ಮಾಡ್ಸಿದ್ ಕೆಲ್ಸಕ್ಕೆ ನೀರು ಸೋರಿದ್ರೂ ಟೈಲ್ಸ್ ಎದ್ರೂ ನನ್ ಜವಾಬ್ದಾರಿ ಇಲ್ಲ ಅಂತ. ನಮ್ ಮಳೆ ಗೊತ್ತಿರೋರು ಇಷ್ಟಕ್ಕೇ ತಣ್ಣಗಾಗ್ತಾರೆ.

ಇನ್ನು ಕಾಗದದ ವಿಷ್ಯ. "ಜೀವಮಾನ ಇವ್ನ ಹತ್ರ ಕೆಲ್ಸ ಮಾಡ್ಸಬಾರ್ದು" ಅಂತೆಲ್ಲ ಪಾರ್ಟಿ ಹತ್ರ ಬರೆಸ್ಕೊಂಡ್ರೆ 1872ರ ಕಾಂಟ್ರಾಕ್ಟ್ ಕಾಯ್ದೆ ಸೆಕ್ಷನ್ 27ರ (ಯಾರ್ದೇ ದುಡಿಮೆಗೆ ಅಡ್ಡ ಹಾಕೋ ಒಪ್ಪಂದ ನಡೆಯೋದಿಲ್ಲ ಅನ್ನೋದು) ಎದ್ರು ನಿಲ್ಲೋದು ಕಷ್ಟ. ಬದ್ಲಿಗೆ, ಈ ಕೆಲ್ಸ ಮುಗಿಯೋವರೆಗೆ ಎಲ್ಲಾ ನನ್ ಮೂಲಕವೇ, ತಪ್ಪಿದ್ರೆ ಇಷ್ಟು ಪರಿಹಾರ ಅಂತ ಕೊಟೇಶನ್ನಲ್ಲೇ ಹಾಕಿ ಸಹಿ ತಗೊಳ್ಳಿ. ಮೊತ್ತ ಸಿಕ್ಕಾಪಟ್ಟೆ ಬರೀಬೇಡಿ, ಅದೇ ಕಾಯ್ದೆ ಸೆಕ್ಷನ್ 74 ಪ್ರಕಾರ ಬರ್ದಿದ್ದು ಮಿತಿ ಅಷ್ಟೇ, ಕೋರ್ಟು ನ್ಯಾಯವಾಗಿ ಕಂಡಷ್ಟೇ ಕೊಡೋದು.

ನನ್ ಕೊಟೇಶನ್ ಫೋಟೋ ಸಂಜೆ ಹಾಕ್ತೇನೆ, ರೇಟ್ ಮುಚ್ಚಿ ಹಾಕ್ತೇನೆ, ನಗ್ಬೇಡಿ.