ಹನ್ನೊಂದನೇ ನಂಬರಿನವಳಿಗೆ ಮತ್ತು ಉಳಿದ ಎಲ್ಲರಿಗೂ

ಕಳೆದ ವಾರ ಆಡಿದ್ದು ನನ್ನ ಕೊನೆಯ ಬ್ಯಾಸ್ಕೆಟ್‌ಬಾಲ್ ಪಂದ್ಯ. ಇಲಾಖೆಯ ತಂಡದ ಪರವಾಗಿ ಇನ್ನು ಅಂಕಣಕ್ಕೆ ಇಳಿಯುವುದಿಲ್ಲವೆಂದು ತರಬೇತುದಾರರಿಗೆ ಪತ್ರ ಕೊಟ್ಟಿದ್ದೇನೆ. ಸುದ್ದಿ ತಿಳಿದು ಕರೆ ಮಾಡಿದವರು, ಸಂದೇಶ ಕಳುಹಿಸಿದವರು, ಮನೆಗೇ ಬಂದು ಮಾತನಾಡಿಸಿ ಹೋದವರು ಬಹಳ ಮಂದಿ. ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರಿಸಲು ಆಗಲಿಲ್ಲ. ಅದಕ್ಕಾಗಿ ಈ ಬರಹ.

ಆಟದಲ್ಲಿ ಬಿದ್ದು ಪೆಟ್ಟಾದ ಮಂಡಿಯ ಕಥೆಯನ್ನು ಇಲ್ಲಿ ಮತ್ತೆ ಬಿಡಿಸುವುದಿಲ್ಲ, ನಿಮಗೆಲ್ಲ ಗೊತ್ತೇ ಇದೆ. ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರು, ಬೆಳಿಗ್ಗೆ ಬೆಳಿಗ್ಗೆಯೇ ವ್ಯಾಯಾಮಕ್ಕೆ ನಿಲ್ಲಿಸುತ್ತಿದ್ದ ಫಿಸಿಯೋಥೆರಪಿಸ್ಟ್, ಹೈಸ್ಕೂಲಿನಲ್ಲಿ ಮೊದಲ ಚೆಂಡು ಕೈಗಿತ್ತ ದೈಹಿಕ ಶಿಕ್ಷಕರು, ಕ್ರೀಡಾ ವಸತಿ ನಿಲಯದ ಅಡುಗೆಯ ಅಕ್ಕ, ರಜೆ ಕೇಳಿದಾಗಲೆಲ್ಲ ಸಹಿ ಹಾಕಿಕೊಟ್ಟ ಕಚೇರಿಯ ಮೇಲಧಿಕಾರಿಗಳು, ನಾನು ಊರೂರು ಸುತ್ತುವಾಗ ಮಗುವನ್ನು ನೋಡಿಕೊಂಡ ಅತ್ತೆ, ಎಲ್ಲರಿಗೂ ಕೈಮುಗಿಯುತ್ತೇನೆ. ನಿಮ್ಮಲ್ಲಿ ಯಾರೊಬ್ಬರು ಇಲ್ಲದಿದ್ದರೂ ಈ ಆಟ ಅರ್ಧಕ್ಕೇ ನಿಲ್ಲುತ್ತಿತ್ತು.

ಆದರೂ ಈ ಬರಹದ ದೊಡ್ಡ ಪಾಲು ಒಬ್ಬಳಿಗೆ ಸಲ್ಲಬೇಕು. ಹೆಸರು ಹಾಕಬೇಡ ಎಂದು ಕೇಳಿಕೊಂಡಿದ್ದಾಳೆ. ಅಂಗಿಯ ಮೇಲಿನ ಸಂಖ್ಯೆಯಿಂದಲೇ ಕರೆಯುತ್ತೇನೆ, ಹನ್ನೊಂದು. ತಂಡದಲ್ಲಿ ನಾವೆಲ್ಲರೂ ಅವಳನ್ನು ಕರೆಯುತ್ತಿದ್ದದ್ದೂ ಹಾಗೆಯೇ.

ಅವಳು ಏನು ಮಾಡಿದಳು ಎಂಬುದು ಅರ್ಥವಾಗಬೇಕಾದರೆ ನಮ್ಮ ಪರಿಸ್ಥಿತಿ ಸ್ವಲ್ಪ ತಿಳಿದಿರಬೇಕು. ನಮ್ಮ ದೇಶದಲ್ಲಿ ಹೆಣ್ಣುಮಗಳೊಬ್ಬಳು ಬ್ಯಾಸ್ಕೆಟ್‌ಬಾಲ್ ಆಡಿಕೊಂಡು ಬದುಕುತ್ತಾಳೆ ಎಂದರೆ ಬಹುಮಟ್ಟಿಗೆ ಕ್ರೀಡಾ ಕೋಟಾದಲ್ಲಿ ಸಿಕ್ಕ ನೌಕರಿಯಿಂದ ಬದುಕುತ್ತಾಳೆ ಎಂದೇ ಅರ್ಥ. ಹಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ರೈಲ್ವೆಯ ಮಹಿಳಾ ತಂಡ ಮತ್ತೆ ಮತ್ತೆ ಗೆದ್ದಿರುವುದಕ್ಕೆ ಇದೂ ಒಂದು ಕಾರಣ. ಒಳ್ಳೆಯ ಆಟಗಾರ್ತಿಯರು ನೌಕರಿ ಇರುವ ಕಡೆ ಸೇರುತ್ತಾರೆ. ಕೇರಳದ ಗೀತು ಅನ್ನಾ ಜೋಸ್ ಆಸ್ಟ್ರೇಲಿಯಾದ ಕ್ಲಬ್ಬಿಗೆ ಆಡಿದರು, 2011ರಲ್ಲಿ ಅಮೆರಿಕದ ಮಹಿಳಾ ವೃತ್ತಿಪರ ಲೀಗಿನ ತಂಡಗಳು ಅವರನ್ನು ಪರೀಕ್ಷೆಗೆ ಕರೆದವು. ಅಂಥ ಬಾಗಿಲು ಎಲ್ಲರಿಗೂ ತೆರೆಯುವುದಿಲ್ಲ. ನಮ್ಮಂಥವರಿಗೆ ಇರುವುದು ಆಯ್ಕೆ ಪರೀಕ್ಷೆ, ವಯಸ್ಸಿನ ಮಿತಿ, ಬೆರಳೆಣಿಕೆಯ ಹುದ್ದೆಗಳು. ಅವುಗಳಿಗೆ ಮೊದಲು ತಂಡದಲ್ಲಿ ಸ್ಥಾನ ಬೇಕು. ಹನ್ನೆರಡು ಮಂದಿಯಲ್ಲಿ ಅಂಕಣದಲ್ಲಿ ಆಡುವವರು ಐವರು, ಅವರಲ್ಲಿ ಚೆಂಡು ಹಂಚಿ ಆಟ ನಡೆಸುವ ಪಾಯಿಂಟ್ ಗಾರ್ಡ್ ಸಾಮಾನ್ಯವಾಗಿ ಒಬ್ಬಳೇ. ಆ ಜಾಗದಲ್ಲಿ ನಾನಿದ್ದೆ. ನನ್ನ ಹಿಂದೆ ಬೆಂಚಿನಲ್ಲಿ ಕಾಯುತ್ತಿದ್ದವಳು ಹನ್ನೊಂದು.

ನಾನು ಬಿದ್ದದ್ದು ಉತ್ತರ ಭಾರತದ ಟೂರ್ನಿಯೊಂದರಲ್ಲಿ. ಕಾಲಿಗೆ ಪಟ್ಟಿ ಬಿಗಿಸಿಕೊಂಡು, ತಂಡದೊಂದಿಗೆ ದೆಹಲಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿದೆ. ಸ್ಲೀಪರ್ ಬೋಗಿ, ಕೆಳಗಿನ ಬರ್ತ್. ಮೊದಲ ರಾತ್ರಿ ಮಾತ್ರೆಯ ಮಂಪರಿನಲ್ಲಿ ಕಳೆಯಿತು. ಎರಡನೆಯ ರಾತ್ರಿ ಮಾತ್ರೆಗೂ ನೋವು ಜಗ್ಗಲಿಲ್ಲ. ಬರ್ತ್ ನನ್ನ ಎತ್ತರಕ್ಕೆ ಸಾಲದು, ಕಾಲನ್ನು ಮಡಚುವಂತಿಲ್ಲ. ಪಾದವನ್ನು ಕಿಟಕಿಯ ಕಡೆ ಇಟ್ಟರೆ ಗಾಡಿ ಕುಲುಕಿದಾಗಲೆಲ್ಲ ಗೋಡೆಗೆ ಒತ್ತುತ್ತಿತ್ತು, ಈ ಕಡೆ ಇಟ್ಟರೆ ಜನ ಓಡಾಡುವ ದಾರಿಗೆ ಚಾಚಿಕೊಳ್ಳುತ್ತಿತ್ತು. ಒಬ್ಬರ ಚೀಲ ತಗುಲಿತು, ಇನ್ನೊಬ್ಬರ ಮೊಣಕಾಲು ತಗುಲಿತು. ಎರಡನೇ ಬಾರಿ ತಗುಲಿದಾಗ ನಾನು ಕಿರುಚಿದೆ.

ಹನ್ನೊಂದು ಮೇಲಿನ ಬರ್ತಿನಿಂದ ಇಳಿದಳು. ತನ್ನ ಕಿಟ್ ಬ್ಯಾಗನ್ನು ದಾರಿಯಲ್ಲಿ ಇಟ್ಟು, ನನ್ನ ಪಾದಕ್ಕೂ ಹೋಗಿಬರುವ ಜನಕ್ಕೂ ನಡುವೆ ಅದರ ಮೇಲೆ ಕುಳಿತಳು. ಬೆನ್ನು ಜನರ ಕಡೆಗೆ, ಮುಖ ನನ್ನ ಕಡೆಗೆ. ಯಾರಾದರೂ ಬಂದರೆ ಎದ್ದು ದಾರಿ ಬಿಡುತ್ತಿರಲಿಲ್ಲ, ಕುಳಿತಲ್ಲೇ ಒಂದು ಕಡೆ ವಾಲಿ, ಒಂದು ಕೈಯನ್ನು ನನ್ನ ಪಾದಕ್ಕೆ ಅಡ್ಡ ಹಿಡಿಯುತ್ತಿದ್ದಳು. ಸೊಲ್ಲಾಪುರದಲ್ಲಿ ಒಂದು ಕುಟುಂಬ ತಗಡಿನ ಟ್ರಂಕುಗಳೊಂದಿಗೆ ಹತ್ತಿತು. ಒಂದರ ಮೂಲೆ ಅವಳ ಭುಜಕ್ಕೆ ಬಡಿದದ್ದನ್ನು ನಾನು ಕಣ್ಣಾರೆ ಕಂಡೆ. ಬೆಳಗಾದ ಮೇಲೆ ಅಲ್ಲಿ ನೀಲಿಗಟ್ಟಿತ್ತು. ಹಿಂದಿನ ದಿನವಷ್ಟೇ ಅವಳು ನನ್ನ ಬದಲು ಪೂರ್ತಿ ಪಂದ್ಯ ಆಡಿ ಬಂದಿದ್ದಳು.

ನನ್ನನ್ನು ಕೊರೆಯುತ್ತಿದ್ದದ್ದು ನೋವೊಂದೇ ಅಲ್ಲ. ನೌಕರಿಯ ಆಯ್ಕೆ ಪರೀಕ್ಷೆ ಹತ್ತಿರವಿತ್ತು, ನನ್ನ ವಯಸ್ಸು ಮಿತಿಯ ಅಂಚಿನಲ್ಲಿತ್ತು. ತಂಗಿಯ ಕಾಲೇಜಿನ ಶುಲ್ಕವನ್ನು ನಾನು ಕಟ್ಟುತ್ತೇನೆಂದು ಅಪ್ಪನಿಗೆ ಮಾತು ಕೊಟ್ಟಿದ್ದೆ. ಬೋಗಿಯಲ್ಲಿ ಮಲಗಿದ್ದವರಿಗೆ ಕೇಳಿಸಬಾರದೆಂದು ಹೊದಿಕೆಯನ್ನು ಬಾಯಿಗೆ ಒತ್ತಿಕೊಂಡು ಅತ್ತೆ. ಆ ರಾತ್ರಿ ನನ್ನ ಕಾಲನ್ನು ನಾನೇ ದ್ವೇಷಿಸಿದೆ. ಚೆಂಡನ್ನು ದ್ವೇಷಿಸಿದೆ. ನನ್ನನ್ನು ಆಟಕ್ಕೆ ಹಚ್ಚಿದವರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದು ಶಪಿಸಿದೆ. ಎಲ್ಲ ಮುಗಿಯಿತು ಎಂದು ಹನ್ನೊಂದರ ಬಳಿ ಹೇಳಿದೆ.

ಅವಳು ತಕ್ಷಣ ಏನೂ ಹೇಳಲಿಲ್ಲ. ಕಲಬುರಗಿ ಹತ್ತಿರವಾಗುತ್ತಿರುವಾಗ ಹೇಳಿದಳು: "ನಿನ್ನ ಜಾಗದಲ್ಲಿ ಇನ್ನು ನಾನು ಆಡುತ್ತೇನೆ. ಚೆನ್ನಾಗಿಯೇ ಆಡುತ್ತೇನೆ. ನೀನು ವಾಪಸ್ ಬಂದ ದಿನ ಎದ್ದು ಬಿಟ್ಟುಕೊಡುತ್ತೇನೆ ಎಂದುಕೊಳ್ಳಬೇಡ. ಬಂದು ಕಿತ್ತುಕೊಳ್ಳಬೇಕು."

ಆ ಎರಡು ದಿನಗಳಲ್ಲಿ ಎಲ್ಲರೂ ನನ್ನನ್ನು ಸಮಾಧಾನಪಡಿಸಿದ್ದರು. ಎಷ್ಟು ಚೆನ್ನಾಗಿ ಆಡುತ್ತಿದ್ದೆ, ಎಷ್ಟು ವೇಗವಿತ್ತು ಎಂದಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಅವರ ಮಾತಿನಲ್ಲಿ ನಾನಾಗಲೇ ಹಳಬಳಾಗಿದ್ದೆ. ಇವಳೊಬ್ಬಳ ಲೆಕ್ಕದಲ್ಲಿ ಮಾತ್ರ ನಾನಿನ್ನೂ ಎದುರಾಳಿ. ಬರುತ್ತೇನೆ ಎಂಬುದರಲ್ಲಿ ಅವಳಿಗೆ ಅನುಮಾನವಿರಲಿಲ್ಲ, ಬಂದರೆ ಜಾಗ ಸಿಗುತ್ತದೆಯೇ ಎಂಬುದಷ್ಟೇ ಪ್ರಶ್ನೆ. ನನ್ನ ಮಟ್ಟಿಗೆ ಅದಕ್ಕಿಂತ ದೊಡ್ಡ ಗೌರವವನ್ನು ಯಾರೂ ಕೊಟ್ಟಿಲ್ಲ.

ಹೇಳಿದಂತೆಯೇ ನಡೆದುಕೊಂಡಳು. ಜಾಗ ಹಿಡಿದಳು, ಚೆನ್ನಾಗಿ ಆಡಿದಳು. ಸಂಜೆ ತನ್ನ ಅಭ್ಯಾಸ ಮುಗಿದ ಮೇಲೆ ನನ್ನ ಅಭ್ಯಾಸಕ್ಕೆ ನಿಲ್ಲುತ್ತಿದ್ದಳು. ನನಗೆ ಓಡುವ ಅನುಮತಿ ಇರಲಿಲ್ಲ. ಫ್ರೀ ಥ್ರೋ ಗೆರೆಯ ಹತ್ತಿರ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕಾಲು ಚಾಚಿ ಕುಳಿತು ಬುಟ್ಟಿಗೆ ಎಸೆಯುತ್ತಿದ್ದೆ. ಕಾಲಿನ ಬಲವಿಲ್ಲದೆ ಎಸೆದರೆ ಚೆಂಡು ಬುಟ್ಟಿಯ ಬಳೆಯವರೆಗೂ ಸುಲಭವಾಗಿ ಹೋಗುವುದಿಲ್ಲ, ಭುಜ ಮತ್ತು ಮಣಿಕಟ್ಟು ಮಾತ್ರ ದುಡಿಯಬೇಕು. ತಪ್ಪಿದ ಚೆಂಡನ್ನೆಲ್ಲ ಅವಳು ಓಡಿ ಹಿಡಿದು ತಂದು, ಎದೆಯ ಮಟ್ಟಕ್ಕೆ ಸರಿಯಾಗಿ ಪಾಸ್ ಮಾಡುತ್ತಿದ್ದಳು. ಒಂದು ದಿನವೂ "ಪರವಾಗಿಲ್ಲ" ಎನ್ನಲಿಲ್ಲ. "ಮೊಣಕೈ ಹೊರಗೆ ಹೋಗುತ್ತಿದೆ" ಎನ್ನುತ್ತಿದ್ದಳು.

2017ರ ಜುಲೈನಲ್ಲಿ ಮಹಿಳಾ ಬ್ಯಾಸ್ಕೆಟ್‌ಬಾಲ್ ಏಷ್ಯಾ ಕಪ್‌ನ ಎರಡನೇ ದರ್ಜೆಯಾದ ಬಿ ಡಿವಿಷನ್ ಟೂರ್ನಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಡೆಯಿತು. ನಾನು ಬರುವುದಿಲ್ಲ ಎಂದಿದ್ದೆ, ಬೇರೆಯವರ ಆಟ ನೋಡುವ ಮನಸ್ಸಿರಲಿಲ್ಲ. ಅವಳು ಕೇಳಲಿಲ್ಲ, ಫೈನಲ್‌ಗೆ ಎಳೆದುಕೊಂಡೇ ಹೋದಳು. ಭಾರತದ ಹುಡುಗಿಯರು ಕಜಾಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ದರ್ಜೆಯಾದ ಎ ಡಿವಿಷನ್‌ಗೆ ಬಡ್ತಿ ಪಡೆದರು. ಕೊನೆಯ ನಿಮಿಷಗಳಲ್ಲಿ ಗ್ಯಾಲರಿಯಲ್ಲಿ ಯಾರೂ ಕುಳಿತಿರಲಿಲ್ಲ. ನಾನೂ ಎದ್ದು ನಿಂತಿದ್ದೆ, ಕಾಲಿನ ನೆನಪೇ ಇಲ್ಲದೆ. ಮರುದಿನದಿಂದ ವ್ಯಾಯಾಮಕ್ಕೆ ಯಾರೂ ನನ್ನನ್ನು ಒತ್ತಾಯಿಸಬೇಕಾಗಲಿಲ್ಲ.

ಜಾಗವನ್ನು ನಾನು ಕಿತ್ತುಕೊಂಡೆ. ಸುಲಭವಾಗಿ ಅಲ್ಲ. ಒಬ್ಬರಿಗೊಬ್ಬರು ಆಡುವಾಗ ಅವಳು ನನ್ನ ಬಲಹೀನ ಕಾಲಿನ ಕಡೆಯಿಂದಲೇ ನುಗ್ಗುತ್ತಿದ್ದಳು. ಪಂದ್ಯದಲ್ಲಿ ಎದುರಾಳಿಗಳು ಮಾಡುವುದೂ ಅದನ್ನೇ ತಾನೆ. ನಂತರ ತರಬೇತುದಾರರು ಅವಳನ್ನು ದೂರದಿಂದ ಬುಟ್ಟಿಗೆ ಎಸೆಯುವ ಶೂಟಿಂಗ್ ಗಾರ್ಡ್ ಜಾಗಕ್ಕೆ ತಂದು ಇಬ್ಬರನ್ನೂ ಒಟ್ಟಿಗೆ ಇಳಿಸಿದರು. ನನ್ನ ಆಟದ ಅತ್ಯಂತ ಒಳ್ಳೆಯ ವರ್ಷಗಳು ಅವು. ಮಿತಿ ದಾಟುವ ಮೊದಲೇ ನೌಕರಿ ಸಿಕ್ಕಿತು, ತಂಗಿ ಪದವಿ ಮುಗಿಸಿದಳು.

ಮಂಡ್ಯದ ಶಾಲೆಯೊಂದರ ಅಂಕಣದಲ್ಲಿ ಬೆಳಿಗ್ಗೆ ಹೆಣ್ಣುಮಕ್ಕಳಿಗೆ ನಾನು ಆಟ ಕಲಿಸುವುದರ ಬಗ್ಗೆ ಹಲವರು ಅಭಿನಂದನೆ ಹೇಳಿದ್ದೀರಿ. ಅದನ್ನು ನನ್ನ ಸಮಾಜ ಸೇವೆ ಎಂದು ಕರೆಯಬೇಡಿ ಎಂದು ಪ್ರೀತಿಯಿಂದ ಕೇಳುತ್ತೇನೆ. ಶಾಲೆಯ ಮುಖ್ಯೋಪಾಧ್ಯಾಯಿನಿ ಬೀಗದ ಕೈ ಕೊಡದಿದ್ದರೆ, ಹೆಣ್ಣುಮಕ್ಕಳನ್ನು ನಸುಕಿನಲ್ಲಿ ಕಳುಹಿಸುವ ಧೈರ್ಯ ತಾಯಂದಿರಿಗೆ ಇಲ್ಲದಿದ್ದರೆ ಅಲ್ಲಿ ಸಿಮೆಂಟಿನ ನೆಲವಷ್ಟೇ ಇರುತ್ತಿತ್ತು. ಅಲ್ಲಿನ ಮೊದಲ ಪಾಠ ಬುಟ್ಟಿಗೆ ಎಸೆಯುವುದಲ್ಲ, ನೆಲಕ್ಕಿಳಿಯುವುದು. ಎಸಿಎಲ್ ಎಂಬ ಮಂಡಿಯ ಅಸ್ಥಿರಜ್ಜು ಹರಿಯುವ ಅಪಾಯ ಈ ಆಟದಲ್ಲಿ ಗಂಡುಮಕ್ಕಳಿಗಿಂತ ಹೆಣ್ಣುಮಕ್ಕಳಿಗೆ ಹೆಚ್ಚು. ಬಹಳಷ್ಟು ಸಲ ಅದು ಯಾರ ಡಿಕ್ಕಿಯೂ ಇಲ್ಲದೆ, ಜಿಗಿದು ಇಳಿಯುವಾಗ ಅಥವಾ ಓಟದಲ್ಲಿ ಥಟ್ಟನೆ ದಿಕ್ಕು ಬದಲಿಸುವಾಗ ಹರಿಯುತ್ತದೆ. ಮಂಡಿ ಒಳಕ್ಕೆ ವಾಲದಂತೆ, ಸೊಂಟವನ್ನೂ ಮಂಡಿಯನ್ನೂ ಬಗ್ಗಿಸಿ, ಸದ್ದಿಲ್ಲದೆ ಇಳಿಯುವುದನ್ನು ಚಿಕ್ಕಂದಿನಲ್ಲೇ ರೂಢಿಸಿದರೆ ಆ ಅಪಾಯ ಕಡಿಮೆಯಾಗುತ್ತದೆ. ನನಗೆ ಇದನ್ನು ಆಗ ಯಾರೂ ಹೇಳಿಕೊಟ್ಟಿರಲಿಲ್ಲ, ಹೇಳಿಕೊಡಲು ಅವರಿಗೂ ಗೊತ್ತಿರಲಿಲ್ಲ. ಈ ಮಕ್ಕಳು ಬೆಂಚಿನ ಮೇಲಿಂದ ಜಿಗಿದು ಇಳಿಯುವಾಗ ನಾನು ಕಣ್ಣು ಮುಚ್ಚಿ ಕೇಳುತ್ತೇನೆ. ಧಪ್ಪೆಂದರೆ ಮತ್ತೊಮ್ಮೆ.

2019ರಲ್ಲಿ ಏಷ್ಯಾ ಕಪ್ ಮತ್ತೆ ಕಂಠೀರವಕ್ಕೆ ಬಂದಾಗ ಈ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆವು, ಬಸ್ಸಿನ ಬಾಡಿಗೆ ಹನ್ನೊಂದು ಕೊಟ್ಟಳು. ಸತತ ನಾಲ್ಕನೇ ಬಾರಿ ಕಪ್ ಗೆದ್ದ ಜಪಾನಿನ ಹುಡುಗಿಯರು ಎಷ್ಟು ವೇಗವಾಗಿ ಪಾಸ್ ಮಾಡುತ್ತಾರೆಂಬುದನ್ನು ಮಕ್ಕಳು ಬಾಯಿಬಿಟ್ಟು ನೋಡಿದರು. ಅವರಲ್ಲೊಬ್ಬಳಿಗೆ ತಾನು ಗಿಡ್ಡ ಎಂಬ ಕೊರಗು. ಎರಡು ವರ್ಷಗಳ ನಂತರ ಟೋಕಿಯೊ ಒಲಿಂಪಿಕ್ಸ್‌ನ ಸೆಮಿಫೈನಲ್‌ನಲ್ಲಿ 162 ಸೆಂಟಿಮೀಟರ್ ಎತ್ತರದ ಜಪಾನಿನ ರುಯಿ ಮಚಿದಾ ಫ್ರಾನ್ಸ್ ವಿರುದ್ಧ 18 ಅಸಿಸ್ಟ್ (ಜೊತೆಗಾರ್ತಿ ಅಂಕ ಗಳಿಸುವಂತೆ ಮಾಡುವ ಪಾಸ್) ಕೊಟ್ಟು ಒಲಿಂಪಿಕ್ ದಾಖಲೆ ಮಾಡಿದಾಗ, ಆ ಹುಡುಗಿ ಫೋನ್ ಮಾಡಿ ಗಂಟೆಗಟ್ಟಲೆ ಅದನ್ನೇ ಹೇಳಿದಳು. ಈಗ ಅವಳು ಜಿಲ್ಲಾ ತಂಡದ ಪಾಯಿಂಟ್ ಗಾರ್ಡ್. ತಮಿಳುನಾಡಿನ ಬ್ಯಾಸ್ಕೆಟ್‌ಬಾಲ್ ಆಟಗಾರ್ತಿ ಅನಿತಾ ಪೌಲ್‌ದೊರೈ ಅವರಿಗೆ 2021ರಲ್ಲಿ ಪದ್ಮಶ್ರೀ ಬಂದ ಸುದ್ದಿಯ ಪತ್ರಿಕೆ ತುಣುಕನ್ನು ಶಾಲೆಯ ಫಲಕಕ್ಕೆ ಅಂಟಿಸಿದವಳೂ ಅವಳೇ.

ಹನ್ನೊಂದು ಪ್ರತಿ ಬೇಸಿಗೆಯಲ್ಲೂ ರಜೆ ಹಾಕಿ ಬಂದು ಈ ಮಕ್ಕಳಿಗೆ ಕಲಿಸುತ್ತಾಳೆ. ಎರಡು ತಂಡ ಮಾಡಿ ಆಡಿಸುವಾಗ ಬೆಂಚಿನಲ್ಲಿ ಕುಳಿತವರ ಹತ್ತಿರವೇ ನಿಲ್ಲುತ್ತಾಳೆ. ಆಡುತ್ತಿರುವವಳನ್ನು ತೋರಿಸಿ, ಅವಳ ಜಾಗ ನಿನಗೆ ಬೇಕೇ, ಹಾಗಾದರೆ ಅವಳ ಎಡಗೈ ಡ್ರಿಬಲ್ ನೋಡು, ಅಲ್ಲಿ ಚೆಂಡು ಎತ್ತರಕ್ಕೆ ಹೋಗುತ್ತಿದೆ ಎಂದು ಹೇಳಿಕೊಡುತ್ತಾಳೆ. ಆಟ ಮುಗಿದ ಮೇಲೆ ಅದನ್ನೇ ಆ ಆಡುತ್ತಿದ್ದವಳಿಗೂ ಹೇಳುತ್ತಾಳೆ. ಗೆಳತಿಯ ಜಾಗವನ್ನು ಬಯಸುವುದು ತಪ್ಪೆಂದು ನಮ್ಮ ಹೆಣ್ಣುಮಕ್ಕಳು ಮನೆಯಲ್ಲಿ ಕೇಳಿ ಬೆಳೆದಿರುತ್ತಾರೆ. ಬಯಸಿಯೂ ಗೆಳತಿಯಾಗಿ ಉಳಿಯಬಹುದು ಎಂಬುದನ್ನು ಅವಳು ಮಾಡಿ ತೋರಿಸಿದ್ದಾಳೆ. ಅದನ್ನು ಕಲಿಸುವ ಅಧಿಕಾರ ಅವಳಿಗಿದೆ.

ಹನ್ನೊಂದೇ, ನೀನು ಇದನ್ನು ಓದಿ ಸಿಟ್ಟಾಗುತ್ತೀಯ. ಆಗು. ಆ ರಾತ್ರಿ ನಿನಗೆ ಹೇಳಲಾಗದ್ದನ್ನು ಈಗ ನಾಲ್ಕು ಜನರ ಮುಂದೆ ಹೇಳುತ್ತಿದ್ದೇನೆ. ನಿನ್ನ ಋಣ ತೀರಿಸುವ ಆಸೆ ನನಗಿಲ್ಲ, ಅದು ಇರಲಿ.

ಏನು ಸಹಾಯ ಮಾಡಬಹುದು ಎಂದು ಕೇಳಿದವರಿಗೆ: ಮುಂದಿನ ತಿಂಗಳು ಬೇಸಿಗೆ ಶಿಬಿರ ಶುರುವಾಗುತ್ತದೆ. ದೊಡ್ಡ ಹುಡುಗಿಯರಿಗೆ ಆರನೇ ಅಳತೆಯ ಚೆಂಡು, ಹನ್ನೆರಡರೊಳಗಿನ ಮಕ್ಕಳಿಗೆ ಐದನೇ ಅಳತೆಯ ಚೆಂಡು ಬೇಕು. ಬಳೆಯ ಎತ್ತರ ದೊಡ್ಡವರಿಗೆ 3.05 ಮೀಟರ್, ಚಿಕ್ಕವರಿಗೆ 2.60 ಮೀಟರ್. ಚಿಕ್ಕವರಿಗಾಗಿ ಒಂದು ಪ್ರತ್ಯೇಕ ಬೋರ್ಡ್ ನಿಲ್ಲಿಸಬೇಕೆಂದಿದ್ದೇವೆ, ವೆಲ್ಡಿಂಗ್ ಗೊತ್ತಿರುವವರು ಒಂದು ಭಾನುವಾರ ಬಂದರೆ ದೊಡ್ಡ ಉಪಕಾರ. ಹಳೆಯ ಶೂಗಳನ್ನು ಕಳುಹಿಸುವವರು ಅಡಿಭಾಗ ಸವೆದಿಲ್ಲವೆಂದು ನೋಡಿ ಕಳುಹಿಸಿ, ಜಾರುವ ಶೂ ಮಂಡಿಗೆ ಒಳ್ಳೆಯದಲ್ಲ. ಬೆಳಿಗ್ಗೆ ಆರಕ್ಕೆ ನಾನು ಅಂಕಣದಲ್ಲೇ ಇರುತ್ತೇನೆ.