ದಿನಕ್ಕೊಂದು ಸಾವಿರ: ಬಾಲವಾಡಿಗೆ ಒಬ್ಬ ಟೀಚರ್ ಬೇಕು

ಆತ್ಮೀಯರೇ,

ಶಿರಸಿಯ ನಮ್ಮ ಬಾಲವಾಡಿಯಲ್ಲಿ ಈ ವರ್ಷ 16 ಮಕ್ಕಳಿದ್ದಾರೆ. ಅವರಲ್ಲಿ 4 ಮಕ್ಕಳಿಗೆ ಆಟಿಸಂ, ಅಂದರೆ ಮಾತು, ಜನರ ಜೊತೆ ಬೆರೆಯುವುದು ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ. ಆ ನಾಲ್ವರಲ್ಲಿ ಒಬ್ಬ ಮಾಣಿಗೆ ಅಡಿಕೆ ಅಂದರೆ ಪ್ರಾಣ. ಮನೆಯಿಂದ ಚೀಲದಲ್ಲಿ ಸಿಪ್ಪೆಗೋಟು (ಸಿಪ್ಪೆ ಸುಲಿಯದ ಒಣ ಅಡಿಕೆ) ತರುತ್ತಾನೆ, ಗೋಡೆಯುದ್ದಕ್ಕೂ ಸಾಲಾಗಿ ಇಡುತ್ತಾನೆ. ಸಾಲು ಮುಟ್ಟಿದರೆ ಕೂಗಾಟ. ಜೂನ್‌ನಲ್ಲಿ ಸೇರಿದಾಗ, ಉಳಿದ ಮಕ್ಕಳನ್ನು ಇವನು ಗಮನಿಸುವುದೇ ಇಲ್ಲ ಅಂತ ನಾವು ಅಂದುಕೊಂಡಿದ್ದೆವು. ಅದು ನಮ್ಮ ತಪ್ಪು ಲೆಕ್ಕ. ಯಾರ ಚಪ್ಪಲಿ ಯಾವುದು ಅಂತ ಅವನಿಗೆ ಮೊದಲ ವಾರವೇ ಗೊತ್ತಿತ್ತು. ಹತ್ತಿರ ಹೋಗುವುದು ಹೇಗೆ ಅನ್ನೋದು ಮಾತ್ರ ಗೊತ್ತಿರಲಿಲ್ಲ.

ಟೀಚರ್ ಅವನಿಗೆ ಪಾಠ ಮಾಡಲಿಲ್ಲ. ಪಕ್ಕದ ಹುಡುಗಿಗೆ ಹೇಳಿಕೊಟ್ಟರು. 'ಹತ್ತಿರ ಕೂತ್ಕೋ. ಹೆಸರು ಹಿಡಿದು ಕರಿ. ಅಡಿಕೆ ಕೈಯಲ್ಲಿ ಇಟ್ಕೊಂಡು ಸುಮ್ನೆ ಕಾಯ್ತಾ ಇರು.' ದಿನಕ್ಕೆ ಹತ್ತು ನಿಮಿಷ, ಅಷ್ಟೇ. ಎರಡು ವಾರ ಅವನು ಎದ್ದು ಹೋಗುತ್ತಿದ್ದ. ಒಂದು ದಿನ ತಳ್ಳಿಬಿಟ್ಟ, ಅವಳು ಅತ್ತಳು. ದೀಪಾವಳಿ ಹೊತ್ತಿಗೆ ಅಡಿಕೆಗಾಗಿ ಕೈ ಚಾಚಿದ. ಈಗ ಅವಳು ಬರದ ದಿನ ಬಾಗಿಲ ಹತ್ತಿರ ನಿಂತಿರುತ್ತಾನೆ. ಮಾತು ಇನ್ನೂ ಬಂದಿಲ್ಲ. (ಎರಡೂ ಮನೆಯವರನ್ನು ಕೇಳಿಯೇ ಇದನ್ನು ಬರೆದಿದ್ದೇವೆ.)

ಇದು ನಾವು ಕಂಡುಹಿಡಿದ ವಿದ್ಯೆಯಲ್ಲ. ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲೇ 'ಲೀಪ್' ಎಂಬ ಬಾಲವಾಡಿ ಕ್ರಮ ಶುರುವಾಯಿತು. ಆಟಿಸಂ ಇರುವ ಮಕ್ಕಳನ್ನೂ ಇಲ್ಲದ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಜೊತೆಗಾರರಿಗೇ ಕರೆಯುವುದು, ಕೊಡುವುದು, ಕಾಯುವುದನ್ನು ಕಲಿಸುವ ಕ್ರಮ ಅದು. 2011ರಲ್ಲಿ ಅದರ ದೊಡ್ಡ ಅಧ್ಯಯನವೊಂದು ಪ್ರಕಟವಾಯಿತು. ಕೆಲವು ತರಗತಿಗಳ ಟೀಚರುಗಳಿಗೆ ಎರಡು ವರ್ಷ ಜೊತೆಗೇ ನಿಂತು ತರಬೇತಿ ಕೊಟ್ಟರು. ಉಳಿದವರಿಗೆ ಕೈಪಿಡಿಗಳನ್ನು ಮಾತ್ರ ಕೊಟ್ಟರು. ತರಬೇತಿ ಸಿಕ್ಕ ತರಗತಿಗಳ ಮಕ್ಕಳು ಮಾತಿನಲ್ಲೂ ಬೆರೆಯುವುದರಲ್ಲೂ ಜಾಸ್ತಿ ಮುಂದೆ ಬಂದರು.

ನಮ್ಮ ಮನವಿಯೂ ಇದೇ. ಬಣ್ಣದ ಪುಸ್ತಕ, ಆಟಿಕೆ ನಮ್ಮಲ್ಲಿ ಬೇಕಾದಷ್ಟಿವೆ. ಹೇಳಿಕೊಡಲು ಬಲ್ಲ ಜನ ಇಲ್ಲ. ಈಗಿನ ಟೀಚರ್ ಒಬ್ಬರೇ ಹದಿನಾರು ಮಕ್ಕಳನ್ನು ನೋಡಬೇಕು. ಥೆರಪಿಗೆ ಅಂತ ಆ ಮಾಣಿಯನ್ನು ಕರೆದುಕೊಂಡು ಮನೆಯವರು ನೂರು ಕಿಲೋಮೀಟರ್ ದೂರದ ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗಿಬರುತ್ತಾರೆ. ಅಲ್ಲಿ ಮುಕ್ಕಾಲು ಗಂಟೆ ದೊಡ್ಡವರೊಬ್ಬರ ಎದುರು ಕೂರುತ್ತಾನೆ. ಅದೂ ಬೇಕು. ಆದರೆ ನಾಲ್ಕು ವರ್ಷದ ಮಗು ಇನ್ನೊಂದು ನಾಲ್ಕು ವರ್ಷದ ಮಗುವಿನ ಜೊತೆ ಇರುವುದನ್ನು ಕಲಿಯಬೇಕಾದರೆ ಪಕ್ಕದಲ್ಲಿ ಅಂಥದ್ದೇ ಮಗು ಇರಬೇಕಲ್ವಾ?

ಹಾಗಂತ ಅವನನ್ನು 'ಎಲ್ಲರ ಹಾಗೆ' ಮಾಡಿಬಿಡುತ್ತೇವೆ ಅಂತ ನಾವು ಹೇಳುವುದಿಲ್ಲ. ಕಣ್ಣಲ್ಲಿ ಕಣ್ಣಿಟ್ಟು ನೋಡು ಅಂತ ಒತ್ತಾಯವನ್ನೂ ಮಾಡುವುದಿಲ್ಲ. ಅಡಿಕೆ ಸಾಲು ಇರಲಿ, ಸಾಲಿನ ಪಕ್ಕ ಇನ್ನೊಬ್ಬರಿಗೂ ಜಾಗ ಇರಲಿ.

ಕೆಲವರು ಕೇಳುತ್ತಾರೆ, ನಮ್ಮ ಮಗುವಿಗೂ ಇದು ಅಂಟಿಕೊಂಡರೆ? ಆಟಿಸಂ ಅಂಟುರೋಗವಲ್ಲ. ತಾಯಿ ಸರಿಯಾಗಿ ಸಾಕಲಿಲ್ಲ ಅಂತ ಬರುವುದೂ ಅಲ್ಲ. ಅಜ್ಜಂದಿರು 'ಅವನ ಅಪ್ಪನಿಗೂ ಮಾತು ತಡವಾಗಿಯೇ ಬಂತು, ಬಿಡಿ' ಅನ್ನುತ್ತಾರೆ. ದಯವಿಟ್ಟು ಕಾಯಬೇಡಿ. ಎರಡು ವರ್ಷಕ್ಕೆ ಮುಂಚೆಯೇ ಎಷ್ಟೋ ಮಕ್ಕಳಲ್ಲಿ ಲಕ್ಷಣ ಕಾಣುತ್ತದೆ. ಹೆಸರು ಕರೆದರೆ ತಿರುಗದಿದ್ದರೆ, ಬೇಕಾದ್ದನ್ನು ಬೆರಳು ಮಾಡಿ ತೋರಿಸದಿದ್ದರೆ ಮಕ್ಕಳ ಡಾಕ್ಟರಿಗೆ ತೋರಿಸಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ಪ್ರಮಾಣಪತ್ರ, ಗುರುತಿನ ಕಾರ್ಡ್ ಮಾಡಿಸಲು ನಾವೇ ಜೊತೆಗೆ ಬರುತ್ತೇವೆ.

ಈಗ ಲೆಕ್ಕ. ವಿಶೇಷ ಶಿಕ್ಷಣ ಕಲಿತ ಟೀಚರಿಗೆ ತಿಂಗಳಿಗೆ 22,000, ವರ್ಷಕ್ಕೆ 2,64,000 ರೂಪಾಯಿ. ತಿಂಗಳಿಗೊಮ್ಮೆ ತಜ್ಞರು ಬಂದು ಇಬ್ಬರೂ ಟೀಚರುಗಳ ಜೊತೆ ಎರಡು ದಿನ ನಿಂತು ಕಲಿಸಲು 60,000. ಗಲಾಟೆ ತಡೆಯದ ಮಕ್ಕಳು ಸ್ವಲ್ಪ ಹೊತ್ತು ಕೂರಲು ಒಂದು ಮೂಲೆಗೆ ಗೋಡೆ, ಚಾಪೆ, ಪರದೆ ಸೇರಿ 41,000. (ಮಳೆಗಾಲದಲ್ಲಿ ತಗಡಿನ ಸೂರಿನ ಸದ್ದು ದೊಡ್ಡವರಿಗೇ ತಡೆಯದು.) ಒಟ್ಟು 3,65,000. ಅಂದರೆ ದಿನಕ್ಕೆ ಒಂದು ಸಾವಿರ. ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ತಿಥಿಗೋ ಒಂದು ದಿನ ವಹಿಸಿಕೊಳ್ಳಿ. ನೂರು ರೂಪಾಯಿ ಕೊಟ್ಟರೂ ರಸೀದಿ ಕೊಡುತ್ತೇವೆ.

ನೇರವಾಗಿ ಒಂದು ಮಾತು. ನಮ್ಮೂರಲ್ಲಿ ಕಟ್ಟಡಕ್ಕೆ ಹಣ ಬೇಗ ಸೇರುತ್ತದೆ, ಕಲ್ಲಿನ ಮೇಲೆ ಹೆಸರು ಬರುತ್ತದೆ. ಸಂಬಳಕ್ಕೆ ಕೊಟ್ಟವರ ಹೆಸರು ಎಲ್ಲಿ ಕೆತ್ತಿಸೋಣ? ಗೊತ್ತಿಲ್ಲ. ಬಾಗಿಲ ಪಕ್ಕದ ಕಪ್ಪು ಹಲಗೆ ಮೇಲೆ ಆ ದಿನ ಸೀಮೆಸುಣ್ಣದಲ್ಲಿ ಬರೆಯುತ್ತೇವೆ, ಸಂಜೆ ಅಳಿಸುತ್ತೇವೆ.

ದೇಣಿಗೆಗೆ ಸಿಗುವ ಆದಾಯ ತೆರಿಗೆ ರಿಯಾಯಿತಿ ಬೇಕಾದವರು 2,000 ರೂಪಾಯಿಗಿಂತ ಜಾಸ್ತಿ ಇದ್ದರೆ ನಗದು ಕೊಡಬೇಡಿ, ಚೆಕ್ ಅಥವಾ ಬ್ಯಾಂಕ್ ಮೂಲಕ ಕೊಡಿ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೆ ಅದು ಸಿಗುವುದಿಲ್ಲ. ಖಾತೆ ವಿವರವನ್ನು ಬಾಲವಾಡಿಗೇ ಬಂದು ಪಡೆಯಿರಿ. ಬೇರೆ ಯಾರೋ ಕಳಿಸಿದ ಕ್ಯೂಆರ್ ಕೋಡ್ ನಂಬಬೇಡಿ.

ಶನಿವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ, ಅವಲಕ್ಕಿ ತಿನ್ನುವ ಹೊತ್ತು. ಚಪ್ಪಲಿ ಹೊರಗೆ ಬಿಡಿ. ವಾಪಸ್ ಹೋಗುವಾಗ ನಿಮ್ಮ ಚಪ್ಪಲಿ ಯಾವುದು ಅಂತ ಒಬ್ಬ ತೋರಿಸಿದರೆ ಆಶ್ಚರ್ಯಪಡಬೇಡಿ.

— ಬಾಲವಾಡಿ ಟ್ರಸ್ಟಿನ ಪರವಾಗಿ